ನೇಸರು, ಅರಿಶಿನ ಮತ್ತು ಲೋಹದ ಕತ್ತರಿ

ಹಳಗನ್ನಡದಲ್ಲಿ ‘ನೇಸರ್’ ಎಂದರೆ ಸೂರ್ಯ. ಬೈಲಹೊಂಗಲ ಸೀಮೆಯ ನಮ್ಮ ನೇಸರಗಿಯ ಹೆಸರು ಕೇಳಿದಾಗಲೆಲ್ಲ ಕನ್ನಡ ಕಲಿಸುವ ನನಗೆ ಆ ಮಾತೇ ನೆನಪಾಗುತ್ತದೆ. ಈಚೆಗೆ ಊರ ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಸರ, ಅರಿಷಿಣದಾಗ ಕ್ಯಾನ್ಸರಿನ ಔಷಧ ಐತಂತ, ಮತ್ತ ದವಾಖಾನಿಗೆ ಯಾಕ ಹೋಗಬೇಕ್ರಿ?” ಎಂದು ಕೇಳಿದರು. ಅವರ ಮನೆಯಲ್ಲಿಯೇ ರೋಗಿಯೊಬ್ಬರಿದ್ದುದರಿಂದ ಪ್ರಶ್ನೆ ನಕ್ಕು ಬಿಡುವಂಥದಾಗಿರಲಿಲ್ಲ.

ಜೀವಕೋಶದ ಕುಲವೃತ್ತಾಂತವೆಲ್ಲ ಅಡಗಿರುವುದು ಡಿ.ಎನ್.ಎ. ಎಂಬ ಎರಡೆಳೆಯ ಹುರಿಯಲ್ಲಿ. ಕೋಶವೊಂದು ಎರಡಾಗಬೇಕಾದರೆ ಈ ಹುರಿ ಬಿಚ್ಚಿಕೊಂಡು ತನ್ನ ಪ್ರತಿಯನ್ನು ತೆಗೆಯಬೇಕು. ಅದಕ್ಕೆ ತಡೆಯೊಡ್ಡಿದರೆ ಕ್ಯಾನ್ಸರ್ ಕೋಶದ ಬೆಳವಣಿಗೆ ನಿಲ್ಲುತ್ತದೆ. ಈ ಕಾರ್ಯಕ್ಕೆ ಲೋಹವೂ ಒದಗೀತೆಂಬುದು ತಿಳಿದದ್ದು ಆಕಸ್ಮಿಕವಾಗಿ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸನ್‌ಬರ್ಗ್ ಬ್ಯಾಕ್ಟೀರಿಯಾಗಳ ನಡುವೆ ಪ್ಲಾಟಿನಂ ತುದಿಗಳಿಂದ ವಿದ್ಯುತ್ತನ್ನು ಹಾಯಿಸಿದಾಗ ಅವು ವಿಭಜನೆಗೊಳ್ಳುವುದನ್ನೇ ನಿಲ್ಲಿಸಿದವು. ಕಾರಣ ವಿದ್ಯುತ್ತಲ್ಲ, ಕರಗಿ ಬಂದ ಪ್ಲಾಟಿನಂ! ಅದರಿಂದ ಹುಟ್ಟಿದ ‘ಸಿಸ್‌ಪ್ಲಾಟಿನ್’ಗೆ 1978ರಲ್ಲಿ ಅಲ್ಲಿ ಮನ್ನಣೆ ದೊರೆಯಿತು. ಅದು ಡಿ.ಎನ್.ಎ.ಯ ನೆರೆಹೊರೆಯ ಎರಡು ಗ್ವಾನೀನುಗಳನ್ನು ಕಟ್ಟಿ ಹುರಿಯನ್ನೇ ಬಾಗಿಸುತ್ತದೆ. ಆದರೆ ರೋಗದ ಕೋಶ, ಸ್ವಸ್ಥ ಕೋಶ ಎಂಬ ಭೇದವನ್ನು ಅದು ಚೆನ್ನಾಗಿ ಅರಿಯದು. ಮೂತ್ರಪಿಂಡ, ಕಿವಿಗಳಿಗೂ ಪೆಟ್ಟು ತಗಲುವುದುಂಟು.

ಪ್ಲಾಟಿನಂ ಗಂಟು ಹಾಕುತ್ತದೆ; ಕೆಲವು ಲೋಹಸಂಕೀರ್ಣಗಳು ಎಳೆಯನ್ನೇ ಕತ್ತರಿಸುತ್ತವೆ. ಬ್ಲಿಯೊಮೈಸಿನ್ ಎಂಬ ಔಷಧ ಕಬ್ಬಿಣವನ್ನು ಹಿಡಿದುಕೊಂಡು, ಆಮ್ಲಜನಕದ ನೆರವಿನಿಂದ ಎಳೆಯನ್ನು ತುಂಡರಿಸುತ್ತದೆ. ಆದರೆ ಕತ್ತರಿ ಬೇಕಾದ ಕಡೆ ಮಾತ್ರ ಆಡುವಂತೆ ಮಾಡುವುದು ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಖಿಲ್ ಚಕ್ರವರ್ತಿ ಮತ್ತು ಸಂಗಡಿಗರು ಇದಕ್ಕೆ ಬೆಳಕನ್ನೇ ಬೀಗದ ಕೈಯಾಗಿಸಿದರು. ದೇಹದೊಳಕ್ಕೆ ಇತರ ಬಣ್ಣಗಳಿಗಿಂತ ಆಳವಾಗಿ ಇಳಿಯಬಲ್ಲ ಕೆಂಪು ಬೆಳಕಿನಲ್ಲಿ ಡಿ.ಎನ್.ಎ.ಯನ್ನು ಕಡಿಯುವ ತಾಮ್ರದ ಸಂಕೀರ್ಣಗಳನ್ನು 2003ರಲ್ಲಿ ಪ್ರಕಟಿಸಿದರು. ಕಡಿದದ್ದನ್ನು ತಿಳಿಯುವ ಬಗೆಯೂ ಸೊಗಸಾದದ್ದು. ಬಿಗಿಯಾಗಿ ಹುರಿಗೊಂಡ ಡಿ.ಎನ್.ಎ. ಉಂಗುರವು ಲೋಳೆಯಂಥ ಪದರದಲ್ಲಿ ವಿದ್ಯುತ್ತಿನ ಸೆಳೆತಕ್ಕೆ ವೇಗವಾಗಿ ಸರಿಯುತ್ತದೆ. ಒಂದೆಳೆ ಕಡಿದರೂ ಸಡಿಲಗೊಂಡು ಹಿಂದೆ ಬೀಳುತ್ತದೆ.

2013ರಲ್ಲಿ ಇದೇ ತಂಡ ಅರಿಶಿನದ ಹಳದಿ ದ್ರವ್ಯವಾದ ಕರ್ಕ್ಯುಮಿನ್ನನ್ನು ವನೇಡಿಯಂ ಲೋಹದೊಡನೆ ಬೆಸೆದು, ಅದು ಬೆಳಕಿನಲ್ಲಿ ಡಿ.ಎನ್.ಎ.ಯನ್ನು ಕತ್ತರಿಸುವುದನ್ನು ತೋರಿಸಿತು. ಹಿರಿಯರ ಕಿವಿಗೆ ಬಿದ್ದ ಸುದ್ದಿಯಲ್ಲಿ ಸತ್ಯದ ಕಿಡಿ ಇಲ್ಲದಿಲ್ಲ. ಆದರೆ ಇದು ಪ್ರಯೋಗಶಾಲೆಯ ಮಾತು, ರೋಗಿಗೆ ಕೊಡುವ ಔಷಧವಲ್ಲ. ನಾವು ಉಣ್ಣುವ ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಸೇರಿದ್ದೂ ಬೇಗನೆ ಒಡೆದುಹೋಗುತ್ತದೆ.

ಇಷ್ಟನ್ನು ಹಿರಿಯರಿಗೆ ವಿವರಿಸಿ, “ಅಜ್ಜಾರ, ಅರಿಷಿಣ ಸಾರಿನ್ಯಾಗ ಇರಲಿ, ರೋಗಿ ದವಾಖಾನ್ಯಾಗ ಇರಲಿ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಬೆಳಗಾವಿಗೆ ಹೋಗುವ ಮೊದಲ ಬಸ್ಸು ಎಷ್ಟು ಗಂಟೆಗೆಂದು ಕೇಳಿದರು.