ರಾತ್ರಿ ಎಬ್ಬಿಸುವ ಬೆನ್ನುನೋವು

ಕಲಬುರಗಿಯ ಮೋಮಿನಪುರದ ಒಂದು ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇದ್ದಾನೆಂದು ಇಟ್ಟುಕೊಳ್ಳಿ. ಮೂರು ತಿಂಗಳಿಂದ ಬೆನ್ನು ನೋಯುತ್ತದೆ ಎನ್ನುತ್ತಿದ್ದಾನೆ. ಪುಸ್ತಕದ ಚೀಲದ ಭಾರ ಎನ್ನುತ್ತಾರೆ ತಂದೆ. ತಾಯಿ ಎಣ್ಣೆ ಕಾಯಿಸಿ ತಿಕ್ಕುತ್ತಾರೆ. ಓದು ತಪ್ಪಿಸಲು ಇದೊಂದು ನೆಪ ಎಂಬುದು ಅಣ್ಣನ ತೀರ್ಮಾನ.

ಬಹಳಷ್ಟು ಸಲ ತಂದೆಯ ಮಾತೇ ನಿಜ. ಚೀಲ ಹಗುರಾದರೆ, ನಾಲ್ಕು ದಿನ ವಿಶ್ರಾಂತಿ ಸಿಕ್ಕರೆ ಇಂಥ ನೋವು ಹೋಗುತ್ತದೆ. ಆದರೆ ಹಗಲು ಆಟದಲ್ಲಿ ಮರೆಯುವ ನೋವು ನಡುರಾತ್ರಿ ಅವನನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದರೆ? ಆಗ ಅದು ಚೀಲದ ಭಾರವಲ್ಲದೇ ಇರಬಹುದು. ಬೆನ್ನುಮೂಳೆಯ ಅಪರೂಪದ ಗೆಡ್ಡೆಗಳು ಹಲವು ಸಲ ಹೀಗೆಯೇ ತಮ್ಮ ಸುಳಿವು ಕೊಡುತ್ತವೆ.

ಮೂರು ಜಾಗ, ಹಲವು ಬಗೆ

ಬೆನ್ನುಹುರಿ ನಮ್ಮ ಕಿರುಬೆರಳಿನಷ್ಟು ದಪ್ಪ. ವಯಸ್ಕರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ. ಮೂಳೆಗಳ ಕೊಳವೆಯೊಳಗೆ ಭದ್ರವಾಗಿರುವ ಈ ಹುರಿಗೆ ಪಕ್ಕಕ್ಕೆ ಸರಿಯಲು ಜಾಗ ಕಡಿಮೆ. ಆದ್ದರಿಂದ ಬೇರೆ ಕಡೆ ನಿರುಪದ್ರವಿ ಎನಿಸುವ ಪುಟ್ಟ ಗೆಡ್ಡೆಯೂ ಇಲ್ಲಿ ಕಾಲಿನ ಬಲವನ್ನೇ ಕಸಿದುಕೊಳ್ಳಬಲ್ಲದು.

ಗೆಡ್ಡೆ ಮೂಳೆಯಲ್ಲಿ ಹುಟ್ಟಬಹುದು, ಹುರಿಯ ಹೊದಿಕೆಯೊಳಗೆ ಹುರಿಯ ಪಕ್ಕದಲ್ಲಿ ಬೆಳೆಯಬಹುದು, ಇಲ್ಲವೇ ಹುರಿಯ ಒಳಗೇ ಹುಟ್ಟಬಹುದು. ಹದಿಹರೆಯದವರಲ್ಲಿ ಕಾಣುವ ಆಸ್ಟಿಯಾಯ್ಡ್ ಆಸ್ಟಿಯೋಮಾ ಮೂಳೆಯದು. ಇದು ಕ್ಯಾನ್ಸರ್ ಅಲ್ಲ. ಕಡಲೆಕಾಳಿನಷ್ಟು ಚಿಕ್ಕದಾಗಿದ್ದರೂ ರಾತ್ರಿಯೆಲ್ಲ ಕಾಡುತ್ತದೆ, ಬೆನ್ನನ್ನು ಒಂದು ಕಡೆ ವಾಲಿಸುತ್ತದೆ. ನೋವಿನ ಮಾತ್ರೆಗೆ ಬೇಗ ತಗ್ಗುವುದೂ ಇದರ ಗುಣ. ಹೀಗಾಗಿ ಅಂಗಡಿಯ ಮಾತ್ರೆ ನುಂಗುತ್ತ ಕಾಲ ತಳ್ಳುವವರಲ್ಲಿ ರೋಗ ಮರೆಯಲ್ಲೇ ಉಳಿಯುತ್ತದೆ. ಕಾರ್ಡೋಮಾ ಇನ್ನೂ ವಿರಳ: ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ.

ಯಂತ್ರವಿಲ್ಲದ ಕಾಲದಲ್ಲಿ

ಇಂಥ ಗೆಡ್ಡೆಯನ್ನು ಮೊದಲು ಹುಡುಕಿದ್ದು ಯಂತ್ರವಲ್ಲ. ಲಂಡನ್ನಿನ ಸೇನಾಧಿಕಾರಿಯೊಬ್ಬರು ಮೂರು ವರ್ಷ ಬೆನ್ನುನೋವಿನಿಂದ ನರಳಿ, ಕೊನೆಗೆ ಎರಡೂ ಕಾಲುಗಳ ಶಕ್ತಿ ಕಳೆದುಕೊಂಡಿದ್ದರು. ವೈದ್ಯ ವಿಲಿಯಂ ಗವರ್ಸ್ ಅವರ ನೋವಿನ ಜಾಡು ಕೇಳಿ, ಸ್ಪರ್ಶ ಎಲ್ಲಿಂದ ಕೆಳಗೆ ಇಲ್ಲವೆಂದು ಪರೀಕ್ಷಿಸಿ, ಗೆಡ್ಡೆ ಇಂಥಲ್ಲಿ ಇರಬೇಕೆಂದು ಊಹಿಸಿದರು. 1887ರ ಜೂನ್ 9ರಂದು ವಿಕ್ಟರ್ ಹಾರ್ಸ್ಲಿ ಶಸ್ತ್ರಚಿಕಿತ್ಸೆ ನಡೆಸಿದರು. ಮೊದಲು ತೆರೆದ ಜಾಗದಲ್ಲಿ ಏನೂ ಕಾಣಲಿಲ್ಲ. ಇನ್ನೂ ಮೇಲಿನ ಮೂಳೆ ತೆಗೆದಾಗ ಬಾದಾಮಿಯಾಕಾರದ ಗೆಡ್ಡೆ ಸಿಕ್ಕಿತು. ರೋಗಿ ಮತ್ತೆ ನಡೆದಾಡಿದರು. ರಾಂಟ್ಜನ್ ಕ್ಷ-ಕಿರಣ ಕಂಡುಹಿಡಿದದ್ದು ಇದಾಗಿ ಎಂಟು ವರ್ಷಗಳ ಮೇಲೆ, 1895ರಲ್ಲಿ!

ಇಂದು ಎಂಆರ್‌ಐ ಹುರಿಯನ್ನೂ ಗೆಡ್ಡೆಯನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಸಿಟಿ ಸ್ಕ್ಯಾನ್ ಮೂಳೆಯ ಸ್ಥಿತಿಯನ್ನು ಹೇಳುತ್ತದೆ. ಆದರೂ ಯಾರಿಗೆ ಸ್ಕ್ಯಾನ್ ಬೇಕು, ಬೆನ್ನಿನ ಯಾವ ಭಾಗಕ್ಕೆ ಬೇಕು ಎಂಬುದನ್ನು ತಿಳಿಸುವುದು ರೋಗಿಯ ಮಾತೇ.

ಕ್ಷಯವೋ, ಗೆಡ್ಡೆಯೋ?

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಬೆನ್ನುಮೂಳೆಯ ಕ್ಷಯ ಇಲ್ಲಿ ಅಪರೂಪವಲ್ಲ. ನೋವು, ಜ್ವರ, ತೂಕ ಇಳಿಯುವುದು, ಕಾಲು ಸೋಲುವುದು ಎರಡರಲ್ಲೂ ಉಂಟು. ಕ್ಷಯ ಸಾಮಾನ್ಯವಾಗಿ ಎರಡು ಮೂಳೆಗಳ ನಡುವಿನ ಡಿಸ್ಕನ್ನೂ ಕೆಡಿಸುತ್ತದೆ. ಗೆಡ್ಡೆ ಬಹುಮಟ್ಟಿಗೆ ಅದನ್ನು ಬಿಡುತ್ತದೆ. ಚಿತ್ರ ನೋಡಿಯೂ ಸಂಶಯ ಉಳಿದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಬೇಕು. ಅದೇ ಬಯಾಪ್ಸಿ.

‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಭಯ ಅನೇಕ ಮನೆಗಳಲ್ಲಿದೆ. ಕಾರ್ಡೋಮಾದಂಥ ಕೆಲವು ಗೆಡ್ಡೆಗಳಲ್ಲಿ ಸೂಜಿಯ ದಾರಿ ಮುಖ್ಯವೆಂಬುದು ನಿಜ. ಆದ್ದರಿಂದಲೇ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಆ ದಾರಿಯನ್ನು ನಿರ್ಧರಿಸಬೇಕು. ಪರೀಕ್ಷೆಯನ್ನೇ ಬೇಡವೆಂದರೆ ರೋಗಕ್ಕೆ ಹೆಸರೇ ಸಿಗುವುದಿಲ್ಲ. ಹೆಸರಿಲ್ಲದ ರೋಗಕ್ಕೆ ಸರಿಯಾದ ಮದ್ದಿಲ್ಲ.

ಹೆಸರಿನಂತೆ ಚಿಕಿತ್ಸೆ

ಆಸ್ಟಿಯಾಯ್ಡ್ ಆಸ್ಟಿಯೋಮಾವನ್ನು ಎಷ್ಟೋ ವೇಳೆ ದೊಡ್ಡ ಶಸ್ತ್ರಚಿಕಿತ್ಸೆ ಇಲ್ಲದೆ, ಸೂಜಿ ತೂರಿಸಿ ಶಾಖದಿಂದ ಸುಡಬಹುದು. ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾವನ್ನು ಸೂಕ್ಷ್ಮದರ್ಶಕದ ನೆರವಿನಿಂದ ಪೂರ್ತಿ ತೆಗೆದರೆ ಬಹುತೇಕ ಗುಣ. ಯೂಯಿಂಗ್ ಸಾರ್ಕೋಮಾಕ್ಕೆ ಕೀಮೋಥೆರಪಿ ಬೇಕೇ ಬೇಕು. ಕಾರ್ಡೋಮಾವನ್ನು ಸಾಧ್ಯವಾದಷ್ಟು ಒಡೆಯದೆ ಇಡಿಯಾಗಿ ತೆಗೆಯಬೇಕು. ವಿಕಿರಣ ಬೇಕಾದಾಗ ಪ್ರೋಟಾನ್ ಕಿರಣ ಸಹಾಯಕ. ಆ ಸೌಲಭ್ಯ ಚೆನ್ನೈನಲ್ಲಿ 2019ರಲ್ಲಿ ಆರಂಭವಾಯಿತು.

ಎಲ್ಲಕ್ಕೂ ಸಮಾನವಾದ ಒಂದು ಮಾತಿದೆ. ಶಸ್ತ್ರಚಿಕಿತ್ಸೆಗೆ ಹೋಗುವಾಗ ರೋಗಿ ನಡೆಯುತ್ತಿದ್ದರೆ ಮುಂದೆಯೂ ನಡೆಯುವ ಸಂಭವ ಹೆಚ್ಚು. ಕಾಲು ಪೂರ್ತಿ ಸೋತು ದಿನಗಳು ಕಳೆದರೆ ಎಷ್ಟು ಚೆನ್ನಾಗಿ ಗೆಡ್ಡೆ ತೆಗೆದರೂ ಹೋದ ಬಲ ಮರಳುವ ಭರವಸೆಯಿಲ್ಲ.

ಮೋಮಿನಪುರದಿಂದ ಎಲ್ಲಿಗೆ?

ದೊಡ್ಡ ಕಾಯಿಲೆ ಎಂದರೆ ಸೊಲ್ಲಾಪುರ ಅಥವಾ ಹೈದರಾಬಾದಿನ ರೈಲು ಹತ್ತುವುದು ಈ ಭಾಗದವರ ಹಳೆಯ ರೂಢಿ. ಆದರೆ ಮೊದಲ ಹೆಜ್ಜೆ ಊರಲ್ಲೇ ಇಡಬಹುದು. ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವಿದೆ. ಹುರಿಯ ಸೂಕ್ಷ್ಮ ಶಸ್ತ್ರಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಖರ್ಚಿನ ಚಿಂತೆಯಿಂದ ತಡ ಮಾಡುವವರು ತಿಳಿಯಬೇಕಾದದ್ದೂ ಉಂಟು. ಬಡವರ ದೊಡ್ಡ ಕಾಯಿಲೆಗಳ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಅಂದಿನ ಗುಲ್ಬರ್ಗಾ ವಿಭಾಗದಲ್ಲೇ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ಪಾಲಕರು ನೆನಪಿಡಬೇಕಾದದ್ದು ಇಷ್ಟು: ರಾತ್ರಿ ಎಬ್ಬಿಸುವ ನೋವು, ವಾರಗಳು ಕಳೆದರೂ ಹೆಚ್ಚುತ್ತಲೇ ಇರುವ ನೋವು, ನೋವಿನೊಡನೆ ವಾಲುವ ಬೆನ್ನು ಕಂಡರೆ ವೈದ್ಯರಿಗೆ ತೋರಿಸಬೇಕು. ನಡೆಯುವಾಗ ಕಾಲು ತೊಡರಿದರೆ, ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಕ್ಕಳೂ ಬೈಗುಳಕ್ಕೆ ಹೆದರಿ ನೋವು ಮುಚ್ಚಿಡಬಾರದು. ಗವರ್ಸ್ ಕೈಯಲ್ಲಿ ಸ್ಕ್ಯಾನ್ ಇರಲಿಲ್ಲ. ರೋಗಿ ಹೇಳಿದ್ದನ್ನು ಅವರು ಪೂರ್ತಿ ಕೇಳಿದರು, ಅಷ್ಟೇ. ಆ ಕೆಲಸವನ್ನು ಮನೆಯಲ್ಲಿ ತಂದೆತಾಯಿಯೂ ಮಾಡಬಹುದು.