ಹತ್ತೇ ಕನೆಕ್ಷನ್ ಸಾಕೇ?

ಹಬ್ಬಕ್ಕೆ ಊರಿಗೆ ಹೋಗಲು ಮೊಬೈಲಿನಲ್ಲಿ ಬಸ್ ಟಿಕೆಟ್ ಹುಡುಕುತ್ತೀರಿ ಎನ್ನಿ. ನಿಮ್ಮ ಕೋರಿಕೆ ಮೊದಲು ತಲುಪುವುದು ವೆಬ್ ಸರ್ವರಿಗೆ. ಯಾವ ಸೀಟು ಖಾಲಿಯಿದೆ ಎಂಬ ಲೆಕ್ಕ ಅಲ್ಲಿರುವುದಿಲ್ಲ. ಅದಿರುವುದು ಡೇಟಾಬೇಸಿನಲ್ಲಿ, ಬಹುಮಟ್ಟಿಗೆ ಬೇರೆಯದೇ ಒಂದು ಕಂಪ್ಯೂಟರಿನಲ್ಲಿ. ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು ಒಂದಕ್ಕೊಂದು ಹೊಂದಿಸಿ ನೋಡುವ ರಿಲೇಷನಲ್ ಪದ್ಧತಿಯನ್ನು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಅದರ ಬಗ್ಗೆ ಬೇಕಾದಷ್ಟು ಬರವಣಿಗೆ ಬಂದಿದೆ. ಸರ್ವರಿಗೂ ಡೇಟಾಬೇಸಿಗೂ ನಡುವಿನ ದಾರಿಯ ಬಗ್ಗೆ ಮಾತಾಡುವವರು ಕಡಿಮೆ. ನೂಕುನುಗ್ಗಲಿನ ಹೊತ್ತಿನಲ್ಲಿ ವೆಬ್‌ಸೈಟುಗಳು ಎಡವುವುದು ಎಷ್ಟೋ ಸಲ ಅಲ್ಲೇ.

ಪೋಸ್ಟ್‌ಗ್ರೆಸ್ ಎಂಬ ಜನಪ್ರಿಯ ಡೇಟಾಬೇಸನ್ನೇ ನೋಡೋಣ. ಅದು ಸಾಮಾನ್ಯವಾಗಿ 5432ನೇ ಪೋರ್ಟಿನಲ್ಲಿ ಕಾದಿರುತ್ತದೆ. ವೆಬ್ ಸರ್ವರ್ ಅದರೊಡನೆ ಮಾತಾಡಲು ಒಂದು ಕನೆಕ್ಷನ್ ತೆರೆಯಬೇಕು. ಅದಕ್ಕಾಗಿ ಮೊದಲು ಎರಡೂ ಕಂಪ್ಯೂಟರುಗಳು ಮೂರು ಪುಟ್ಟ ಸಂದೇಶಗಳಲ್ಲಿ ಸಂಪರ್ಕ ಕುದುರಿಸಿಕೊಳ್ಳುತ್ತವೆ. ಮಾತನ್ನು ಯಾರೂ ಕದ್ದು ಕೇಳದಂತೆ ಗೂಢಲಿಪಿಯ ಏರ್ಪಾಡಾಗುತ್ತದೆ. ಆಮೇಲೆ ಪಾಸ್‌ವರ್ಡ್ ಪರೀಕ್ಷೆ. ಪಾಸ್‌ವರ್ಡನ್ನು ಕಳಿಸದೆಯೇ, ಅದು ಗೊತ್ತಿದೆ ಎಂಬುದಕ್ಕೆ ಗಣಿತದ ಪುರಾವೆ ಮಾತ್ರ ಕೊಡುವ ಚೆಂದದ ವಿಧಾನ ಈಗ ಬಳಕೆಯಲ್ಲಿದೆ. ಇದರ ನಡುವೆ ಪೋಸ್ಟ್‌ಗ್ರೆಸ್ ಈ ಒಂದು ಕನೆಕ್ಷನ್ನಿಗೆಂದೇ ಬೇರೊಂದು ಪ್ರೊಸೆಸ್ ಹುಟ್ಟುಹಾಕಿ ಅದಕ್ಕೆ ಮೆಮೊರಿ ಕೊಟ್ಟಿರುತ್ತದೆ. ಇಷ್ಟೆಲ್ಲ ಆದರೂ ನಿಮ್ಮ ಸೀಟಿನ ಪ್ರಶ್ನೆಯನ್ನು ಇನ್ನೂ ಯಾರೂ ಕೇಳಿಲ್ಲ! ಕೇಳಿದ ಮೇಲೆ ಉತ್ತರ ಹುಡುಕಲು ಒಂದು ಮಿಲಿಸೆಕೆಂಡೂ ಬೇಕಾಗದಿರಬಹುದು.

ಹಾಗಾಗಿ ಪ್ರತಿ ಪ್ರಶ್ನೆಗೂ ಹೊಸ ಕನೆಕ್ಷನ್ ತೆರೆದು ಮುಚ್ಚುವುದು ದುಂದು. ಕೆಲವನ್ನು ತೆರೆದೇ ಇಟ್ಟುಕೊಂಡು, ಬೇಕಾದವರಿಗೆ ಕೊಟ್ಟು, ಕೆಲಸ ಮುಗಿದೊಡನೆ ವಾಪಸು ಪಡೆಯುವ ವ್ಯವಸ್ಥೆಗೆ ಕನೆಕ್ಷನ್ ಪೂಲ್ ಎಂದು ಹೆಸರು. ಜಾವಾ ಲೋಕದಲ್ಲಿ ಹೆಸರಾದ ಹಿಕಾರಿಸಿಪಿ ಎಂಬ ಪೂಲು, ನಾವೇನೂ ಹೇಳದಿದ್ದರೆ ಗರಿಷ್ಠ 10 ಕನೆಕ್ಷನ್ ಇಟ್ಟುಕೊಳ್ಳುತ್ತದೆ. ಸಾವಿರಾರು ಜನರಿಗೆ ಹತ್ತು ಎಲ್ಲಿ ಸಾಕು ಅನ್ನಿಸಬಹುದು. ಮದುವೆಯೂಟದ ಪಂಕ್ತಿಯಲ್ಲಿ ಐನೂರು ಜನ ಕೂತರೆ ಬಡಿಸಲು ಐನೂರು ಜನ ಇಳಿಯುವುದಿಲ್ಲ. ಇಳಿದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಸಾರು ಎಲೆಗೆ ಬೀಳುವುದೇ ತಡವಾಗುತ್ತದೆ. ಎಂಟು ಕೋರ್‌ಗಳ ಪ್ರೊಸೆಸರ್ ಒಂದು ಕ್ಷಣಕ್ಕೆ ಮಾಡಬಲ್ಲ ಕೆಲಸಕ್ಕೆ ಮಿತಿಯಿದೆ. ಇನ್ನೂರು ಕನೆಕ್ಷನ್ ಒಟ್ಟಿಗೆ ದುಂಬಾಲು ಬಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದರಲ್ಲೇ ಅದರ ಸಮಯ ಪೋಲಾಗುತ್ತದೆ.

ಕೊಟ್ಟ ಕನೆಕ್ಷನ್ ಬೇಗ ಮರಳಿದರಷ್ಟೇ ಈ ಲೆಕ್ಕ ನಿಲ್ಲುತ್ತದೆ. ಸೀಟು ಹಿಡಿದಿಟ್ಟ ಪ್ರೋಗ್ರಾಮು ಕನೆಕ್ಷನ್ನನ್ನೂ ಹಿಡಿದುಕೊಂಡೇ ಬ್ಯಾಂಕಿನಿಂದ ಹಣ ಬಂತೇ ಎಂದು ಐದು ಸೆಕೆಂಡ್ ಕಾದರೆ, ಅಂಥ ಹತ್ತು ಗ್ರಾಹಕರೇ ಸಾಕು, ಹನ್ನೊಂದನೆಯವರು ಸುಮ್ಮನೆ ಕಾಯಬೇಕು. ಎಲ್ಲೋ ದೋಷ ಬಂದಾಗ ವಾಪಸು ಮಾಡುವ ಸಾಲನ್ನೇ ದಾಟಿಹೋಗುವ ಕೋಡು ಇನ್ನೂ ಅಪಾಯಕಾರಿ. ಪೂಲು ದಿನೇದಿನೇ ಬತ್ತುತ್ತದೆ. ಸರ್ವರ್ ಆರಿಸಿ ಹೊತ್ತಿಸಿದರೆ ಸರಿಹೋಗುವುದರಿಂದ ಮೂಲ ಕಾರಣವನ್ನು ಯಾರೂ ಹುಡುಕುವುದಿಲ್ಲ. ಪ್ರೋಗ್ರಾಮು ಬರೆಯುವವರು ಕನೆಕ್ಷನ್ ಕೇಳುವ ಸಾಲಿನ ಜೊತೆಯಲ್ಲೇ ಮರಳಿಸುವ ಏರ್ಪಾಡನ್ನೂ ಬರೆಯಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಬ್ಬದ ನೂಕುನುಗ್ಗಲಿಗೆಂದು ವೆಬ್ ಸರ್ವರುಗಳನ್ನು ಹೆಚ್ಚಿಸಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಒಂದೊಂದಕ್ಕೂ 10ರ ಪೂಲು ಇದ್ದರೆ ಹತ್ತು ಸರ್ವರಿಗೆ 100 ಕನೆಕ್ಷನ್. ಪೋಸ್ಟ್‌ಗ್ರೆಸ್ ತಾನಾಗಿ ಒಪ್ಪುವ ಮಿತಿಯೂ 100. ಅದರಲ್ಲೂ ಮೂರು ಮೇಲ್ವಿಚಾರಕರಿಗೆ ಮೀಸಲು. ಹತ್ತನೆಯ ಸರ್ವರಿನ ಕೊನೆಯ ಕೋರಿಕೆಗಳಿಗೆ ಬಾಗಿಲೇ ತೆರೆಯದು. ಆಗ ಮಿತಿಯನ್ನು ಏರಿಸುವ ಮೊದಲು, ಪಿಜಿಬೌನ್ಸರ್‌ನಂಥ ಮಧ್ಯವರ್ತಿಯನ್ನು ನಡುವೆ ನಿಲ್ಲಿಸುವುದು ಲೇಸು. ಅದು ನೂರಾರು ಸರ್ವರ್ ಕನೆಕ್ಷನ್‌ಗಳನ್ನು ತಾನೇ ಸ್ವೀಕರಿಸಿ, ಹಾಗೆ ಹೊಂದಿಸಿದ್ದರೆ ಒಂದೊಂದು ವ್ಯವಹಾರದ ಮಟ್ಟಿಗೆ ಮಾತ್ರ ಡೇಟಾಬೇಸಿನ ಕನೆಕ್ಷನ್ ಕೊಟ್ಟು, ಮುಗಿದ ಕೂಡಲೇ ಮುಂದಿನವರಿಗೆ ದಾಟಿಸುತ್ತದೆ.