ಡಬಲ್ ಕ್ಯಾಬಿನ್ ಪಿಕಪ್: ಶೆಡ್ಡಿನಲ್ಲಿ ಮಾಡುವ ಮಾರ್ಪಾಡು, ತಲೆಯಲ್ಲಿ ಕೂತಿರುವ ತಪ್ಪು ಲೆಕ್ಕ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದ ಮನೆಗಳಲ್ಲಿ ಡಬಲ್ ಕ್ಯಾಬಿನ್ ಪಿಕಪ್ ಎಂದರೆ ಮನೆಯ ಒಬ್ಬ ಸದಸ್ಯನಿದ್ದ ಹಾಗೆ. ಒಳಗೆ ಐದು ಜನ, ಹಿಂದೆ ಗೊಬ್ಬರವೋ ಕಾಫಿ ಚೀಲವೋ. ಮೊದಲು ಬೊಲೆರೊ ಕ್ಯಾಂಪರ್ ಒಂದೇ ಕಣ್ಣಿಗೆ ಬೀಳುತ್ತಿತ್ತು. 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದ ಮೇಲೆ ದುಡಿಮೆಯ ಗಾಡಿಯೇ ಹವ್ಯಾಸದ ಗಾಡಿಯೂ ಆಯಿತು. ಶೆಡ್ಡಿನಲ್ಲಿ ವೆಲ್ಡಿಂಗ್ ಸೆಟ್ಟು, ಗ್ರೈಂಡರು ಇದ್ದವರಿಗೆ ಮಳೆಗಾಲದ ಬಿಡುವಿನಲ್ಲಿ ಗಾಡಿಗೆ ಏನಾದರೂ ಮಾಡಬೇಕು ಅನ್ನಿಸುವುದು ಸಹಜ. ನಾನೂ ಮಾಡಿದವನೇ. ಆ ಅನುಭವದಲ್ಲಿ, ನಮ್ಮ ಕಡೆ ಮತ್ತೆ ಮತ್ತೆ ಕೇಳಿಬರುವ ಕೆಲವು ಮಾತುಗಳನ್ನು ಇಲ್ಲಿ ತಿದ್ದಲು ಹೊರಟಿದ್ದೇನೆ.

ತಪ್ಪು ಕಲ್ಪನೆ: ಗಾಡಿ ನನ್ನ ದುಡ್ಡಿನದು, ಏನು ಬೇಕಾದರೂ ಮಾಡಬಹುದು.

ವಾಸ್ತವ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆ ಅಡ್ಡ ನಿಲ್ಲುತ್ತದೆ. ಕಂಪನಿ ಮೂಲದಲ್ಲಿ ನಿಗದಿಪಡಿಸಿದ್ದಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ, ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಅಕ್ರಮ ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬಣ್ಣ ಬದಲಿಸಿದರೂ ಆರ್‌ಟಿಓದಲ್ಲಿ ನಮೂದಾಗಬೇಕು. ದಂಡವನ್ನಾದರೂ ಕಟ್ಟಿ ಮುಗಿಸಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಕ್ಲೇಮಿನ ಹೊತ್ತಿಗೆ ಎದ್ದು ಬಂದರೆ ಬೀಳುವ ಪೆಟ್ಟು ಅದಕ್ಕಿಂತ ಎಷ್ಟೋ ದೊಡ್ಡದು.

ತಪ್ಪು ಕಲ್ಪನೆ: ಹಿಂದೆ ಎರಡು ಸ್ಪ್ರಿಂಗ್ ಪ್ಲೇಟ್ ಜಾಸ್ತಿ ಹಾಕಿಸಿದರೆ ಲೋಡು ಜಾಸ್ತಿ ಹಾಕಬಹುದು.

ವಾಸ್ತವ: ಪ್ಲೇಟ್ ಸೇರಿಸಿದರೆ ಗಾಡಿಯ ಹಿಂಭಾಗ ಕುಸಿಯುವುದು ಕಡಿಮೆಯಾಗುತ್ತದೆ, ಅಷ್ಟೇ. ಆಕ್ಸಲ್ಲು, ಬೇರಿಂಗು, ಬ್ರೇಕು, ಟೈರು, ಚಾಸಿ ಎಲ್ಲವೂ ಮೊದಲಿನವೇ. ಹಿಂದಿನ ಬಾಡಿ ತಗ್ಗದೆ ನಿಂತಿದೆ ಎಂಬ ಒಂದೇ ಕಾರಣಕ್ಕೆ ಇನ್ನೂ ನಾಲ್ಕು ಚೀಲ ಏರಿಸುತ್ತೇವೆ.

ಇದರಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿದೆ. ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳಿನಿಂದ ಆಡುವ ಬ್ರೇಕ್ ವಾಲ್ವ್ ಇರುತ್ತದೆ. ಲೋಡು ಬಿದ್ದು ಹಿಂಭಾಗ ಎಷ್ಟು ತಗ್ಗಿದೆ ಎಂಬುದರ ಮೇಲೆ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಒತ್ತಡ ಕೊಡಬೇಕೆಂದು ಅದು ನಿರ್ಧರಿಸುತ್ತದೆ. ನೀವು ಪ್ಲೇಟ್ ಹಾಕಿ ಹಿಂಭಾಗ ಎತ್ತಿದರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಎಂದೇ ಲೆಕ್ಕ ಹಾಕುತ್ತದೆ. ಹಿಂದಿನ ಬ್ರೇಕಿಗೆ ಸಿಗಬೇಕಾದಷ್ಟು ಒತ್ತಡ ಸಿಗುವುದಿಲ್ಲ. ಲೋಡು ಹೊತ್ತು ಶಿರಾಡಿ ಘಾಟಿ ಇಳಿಯುವವರು ಈ ಒಂದು ಮಾತನ್ನು ಮರೆಯಬಾರದು. ಗಾಡಿಯ ಕೆಳಗೆ ಮಲಗಿ ಆ ಸರಳನ್ನು ಒಮ್ಮೆ ನೋಡಿ ಬನ್ನಿ. ತುಕ್ಕು ಹಿಡಿದು ಅಲ್ಲಾಡದೆ ನಿಂತಿರುವುದೂ ಉಂಟು.

ತಪ್ಪು ಕಲ್ಪನೆ: ನಾವು ಸೇರಿಸುವುದು ಚಿಲ್ಲರೆ ತೂಕ.

ವಾಸ್ತವ: ಕೂಡಿಸಿ ನೋಡೋಣ. 40 ಎಂಎಂ ಚೌಕದ, 2 ಎಂಎಂ ದಪ್ಪದ ಕಬ್ಬಿಣದ ಪೈಪು ಮೀಟರಿಗೆ ಸುಮಾರು 2.4 ಕೆಜಿ ತೂಗುತ್ತದೆ. ಹಿಂದಿನ ಬಾಡಿಯ ಮೇಲೆ ಕೂರಿಸುವ ಹುಡ್‌ಗೂ ಕ್ಯಾರಿಯರ್‌ಗೂ ಸೇರಿ 30 ಮೀಟರ್ ಬಳಸಿದರೆ 72 ಕೆಜಿ. ಎಂಟು ಅಡಿ-ನಾಲ್ಕು ಅಡಿಯ 18 ಎಂಎಂ ಪ್ಲೈವುಡ್ ಹಾಳೆ ಒಂದಕ್ಕೆ 37 ಕೆಜಿಯಷ್ಟು. ನೂರು ಲೀಟರ್ ನೀರಿಗೆ 100 ಕೆಜಿ. ಎರಡನೇ ಬ್ಯಾಟರಿಗೆ ಇಪ್ಪತ್ತು. ಅಲ್ಲಿಗೆ 229 ಕೆಜಿ. ಒಳಗೆ ಕೂರುವ ಐವರಿಗೆ ತಲಾ 65 ಹಿಡಿದರೆ ಮತ್ತೆ 325. ಒಂದು ಚೀಲವನ್ನೂ ಹೇರದೆ 554 ಕೆಜಿ ಖರ್ಚಾಯಿತು, ಅಂದರೆ ಐವತ್ತು ಕೆಜಿಯ ಹನ್ನೊಂದು ಚೀಲ! ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎಂದು ಎರಡು ಅಂಕಿ ಇರುತ್ತವೆ. ಜನ, ಸಾಮಾನು, ನಿಮ್ಮ ಮಾರ್ಪಾಡು ಎಲ್ಲವೂ ಆ ಎರಡರ ವ್ಯತ್ಯಾಸದೊಳಗೇ ಹಿಡಿಸಬೇಕು.

ತೂಕ ಎಲ್ಲಿ ಕೂರುತ್ತದೆ ಎನ್ನುವುದೂ ಅಷ್ಟೇ ಮುಖ್ಯ. ಡಬಲ್ ಕ್ಯಾಬಿನ್‌ನಲ್ಲಿ ಹಿಂದಿನ ಬಾಡಿ ಗಿಡ್ಡ. ಹೇರಿದ್ದರಲ್ಲಿ ಬಹುಪಾಲು ಹಿಂದಿನ ಆಕ್ಸಲ್ ಮೇಲೋ ಅದರಾಚೆಗೋ ಬೀಳುತ್ತದೆ. ಚಕ್ರಗಳ ನಡುವೆ ಮೂರು ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಆಚೆ 200 ಕೆಜಿ ಇಟ್ಟರೆ ಮುಂದಿನ ಚಕ್ರದಿಂದ 67 ಕೆಜಿಯಷ್ಟು ತೂಕ ಎತ್ತಿಹೋಗುತ್ತದೆ, ಹಿಂದಿನದರ ಮೇಲೆ 267 ಕೆಜಿ ಬೀಳುತ್ತದೆ. ಕೆಸರಿನಲ್ಲಿ ಸ್ಟೀರಿಂಗ್ ಹಗುರಾಗಿ ತೇಲಿದಂತೆ ಅನ್ನಿಸುವುದು ಇದರಿಂದಲೇ. ಭಾರದ ಸಾಮಾನು ಯಾವಾಗಲೂ ಕ್ಯಾಬಿನ್ ಗೋಡೆಗೆ ಒತ್ತಿಕೊಂಡಿರಲಿ.

ತಪ್ಪು ಕಲ್ಪನೆ: ವೆಲ್ಡಿಂಗ್ ಹೊಡೆದರೆ ಗಟ್ಟಿ, ಬೋಲ್ಟ್ ಹಾಕಿದರೆ ಸಡಿಲ.

ವಾಸ್ತವ: ಮನೆ ಗೇಟಿಗೆ ಈ ಮಾತು ಸರಿ, ಚಾಸಿಗೆ ತಪ್ಪು. ಪಿಕಪ್ ಚಾಸಿ ಹಳ್ಳದಲ್ಲಿ ಸ್ವಲ್ಪ ತಿರುಚಿಕೊಳ್ಳಬೇಕು, ಹಾಗೆಂದೇ ಮಾಡಿದ್ದು. ಅದಕ್ಕೆ ಕ್ಯಾಬಿನ್ ಬೇರೆ, ಹಿಂದಿನ ಬಾಡಿ ಬೇರೆ ಕೂರಿಸಿರುತ್ತಾರೆ. ಎರಡರ ನಡುವೆ ಬೆರಳು ತೂರುವಷ್ಟು ಸಂದು ಇರುತ್ತದಲ್ಲ, ಅದು ತಯಾರಿಕೆಯ ದೋಷವಲ್ಲ. ನಾನು ಮೊದಲ ಸಲ ಹುಡ್ ಮಾಡಿದಾಗ ಮಳೆ ನೀರು ಆ ಸಂದಿನಲ್ಲಿ ಇಳಿಯದಿರಲಿ ಎಂದು ಮೇಲಿನ ಫ್ರೇಮನ್ನು ಕ್ಯಾಬಿನ್‌ಗೂ ಬಾಡಿಗೂ ಸೇರಿಸಿ ಬಿಗಿದೆ. ಒಂದೇ ಮಳೆಗಾಲ. ಕ್ಯಾಬಿನ್ ಹಿಂಬದಿಯ ಮೂಲೆಯಲ್ಲಿ ಬಣ್ಣ ಕೂದಲೆಳೆಯಷ್ಟು ಬಿಟ್ಟುಕೊಂಡು, ಕೆಂಪು ತುಕ್ಕಿನ ಗೆರೆ ಇಳಿದಿತ್ತು. ಉಗುರಿನಿಂದ ಕೆರೆದರೆ ತಗಡೇ ಸೀಳಿತ್ತು. ಈಗ ಹುಡ್ ಕೂತಿರುವುದು ಬಾಡಿಯ ಮೇಲೆ ಮಾತ್ರ. ಸಂದಿಗೆ ಒಂದು ರಬ್ಬರ್ ಪಟ್ಟಿ ಸಾಕಾಯಿತು.

ಚಾಸಿಗೆ ಅಡ್ಡಲಾಗಿ ವೆಲ್ಡ್ ಹೊಡೆದರೆ ಕಾವು ತಾಗಿದ ಜಾಗದ ಉಕ್ಕಿನ ಗುಣವೇ ಬದಲಾಗುತ್ತದೆ. ಬಿರುಕು ವೆಲ್ಡ್ ಮುಗಿಯುವ ತುದಿಯಲ್ಲಿ ಶುರುವಾಗುತ್ತದೆ. ಚಾಸಿಯ ಮೇಲಿನ ಮತ್ತು ಕೆಳಗಿನ ಅಂಚಿಗೆ ತೂತು ಕೊರೆಯಲೇಬಾರದು, ಬಾಗುವಾಗ ಹೆಚ್ಚಿನ ಒತ್ತಡ ಬೀಳುವುದು ಅಲ್ಲಿಗೇ. ಕಂಪನಿ ಕೊಟ್ಟ ತೂತುಗಳನ್ನೇ ಬಳಸಿ. ಇನ್ನು ಗಾಡಿಯ ಯಾವ ಭಾಗಕ್ಕೇ ವೆಲ್ಡ್ ಮಾಡುವುದಿದ್ದರೂ ಮೊದಲು ಬ್ಯಾಟರಿ ಟರ್ಮಿನಲ್ ಕಳಚಿ, ಅರ್ತ್ ಕ್ಲಾಂಪನ್ನು ಕೆಲಸದ ಜಾಗದ ಪಕ್ಕದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟು ಬೇರಿಂಗಿನ ಮೂಲಕವೋ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಮೂಲಕವೋ ದಾರಿ ಹುಡುಕಿಕೊಂಡೀತು.

ತಪ್ಪು ಕಲ್ಪನೆ: ದೊಡ್ಡ ಟೈರ್ ಹಾಕಿದರೆ ಗಾಡಿಗೆ ಬಲ.

ವಾಸ್ತವ: 245/70 ಆರ್16 ಟೈರಿನ ಎತ್ತರ ಸುಮಾರು 749 ಎಂಎಂ, 265/75 ಆರ್16 ಟೈರಿನದು 804. ಶೇಕಡಾ 7ರಷ್ಟು ಹೆಚ್ಚು. ಮೀಟರು 80 ತೋರಿಸುವಾಗ ನೀವು ನಿಜಕ್ಕೂ ಹೋಗುತ್ತಿರುವುದು 86ರ ಹತ್ತಿರ. ನೆಲ ಮುಟ್ಟುವ ಎಳೆತವೂ ಅಷ್ಟೇ ಪ್ರಮಾಣದಲ್ಲಿ ಕಮ್ಮಿಯಾಗಿ, ಏರಿನಲ್ಲಿ ಒಂದು ಗೇರು ಇಳಿಸಬೇಕಾಗುತ್ತದೆ.

ತಪ್ಪು ಕಲ್ಪನೆ: ಮುಂದೆ ಗಾರ್ಡ್, ಮೇಲೆ ಲೈಟ್ ಹಾಕಿಸಿದರೆ ಸುರಕ್ಷಿತ.

ವಾಸ್ತವ: ಕಬ್ಬಿಣದ ಗಾರ್ಡ್ ಡಿಕ್ಕಿಯ ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕ ತಪ್ಪಿಸಬಲ್ಲದು, ಎದುರು ಸಿಕ್ಕ ಪಾದಚಾರಿಯ ಗತಿ ಕೇಳುವುದೇ ಬೇಡ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಗಾಡಿಯ ಮುಂದೆ ಸ್ಪಾಟ್ ಲೈಟ್ ಹಾಕುವುದಕ್ಕೂ ಕೇಂದ್ರ ಮೋಟಾರು ವಾಹನ ನಿಯಮ 111ರ ತಡೆ ಇದೆ. ತೋಟದೊಳಗಿನ ಕೆಲಸಕ್ಕೆ ಬೆಳಕು ಬೇಕಿದ್ದರೆ ಹಿಂದಿನ ಬಾಡಿಯೊಳಗೆ ಹಾಕಿಕೊಳ್ಳಿ, ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ.

ತಪ್ಪು ಕಲ್ಪನೆ: ಹಾಗಾದರೆ ಮನೆಯಲ್ಲಿ ಏನೂ ಮಾಡುವಂತಿಲ್ಲ.

ವಾಸ್ತವ: ಬೇಕಾದಷ್ಟಿದೆ, ಖುಷಿ ಕೊಡುವ ಕೆಲಸವೂ ಅದೇ. ನಮ್ಮ ಮಳೆಯಲ್ಲಿ ಪಿಕಪ್‌ನ ಮೊದಲ ಶತ್ರು ತುಕ್ಕು. ಬಾಡಿ ನೆಲದ ಮಣ್ಣು ಕೆರೆದು, ನೀರು ಹೋಗುವ ತೂತು ಬಿಡಿಸಿ, ಪ್ರೈಮರ್ ಹೊಡೆದು, ಮೇಲೊಂದು ರಬ್ಬರ್ ಮ್ಯಾಟ್ ಹಾಸಿ. ಆದರೆ ತಿಂಗಳಿಗೊಮ್ಮೆ ಎತ್ತಿ ಒಣಗಿಸಿ, ಇಲ್ಲವಾದರೆ ಮ್ಯಾಟ್ ಅಡಿಯಲ್ಲೇ ನೀರು ನಿಂತು ತಗಡನ್ನು ತಿನ್ನುತ್ತದೆ. ಹಗ್ಗ ಕಟ್ಟುವ ಬಳೆಗಳು, ಸ್ಪ್ಯಾನರ್ ಪೆಟ್ಟಿಗೆ, ಹಿಂದಿನ ಸೀಟಿನ ಕೆಳಗೆ ಎಳೆಯುವ ಡ್ರಾಯರ್, ಪ್ರವಾಸಕ್ಕೆ ಹೋದಾಗ ಮಲಗಲು ಬಿಚ್ಚಿ ಹಾಕುವ ಹಲಗೆ, ಇವೆಲ್ಲ ಒಂದು ಸ್ಪ್ಯಾನರಿನಲ್ಲಿ ಅರ್ಧ ಗಂಟೆಯೊಳಗೆ ಬಿಚ್ಚಿ ತೆಗೆಯುವಂತಿರಲಿ.

ತಪ್ಪು ಕಲ್ಪನೆ: ಹಿಂದೆ ಎರಡು ಬೆಂಚು ಹಾಕಿ ಕಂಬಿ ಕಟ್ಟಿದರೆ ಕೆಲಸದವರು ಆರಾಮಾಗಿ ಕೂರುತ್ತಾರೆ.

ವಾಸ್ತವ: ಆ ಬೆಂಚಿಗೆ ಬೆಲ್ಟಿಲ್ಲ, ಮೇಲೆ ಗಟ್ಟಿ ಚಾವಣಿಯಿಲ್ಲ, ಕಂಬಿ ನೆಚ್ಚಿಕೊಂಡಿರುವುದು ಎರಡು ಮಿಲಿಮೀಟರ್ ದಪ್ಪವೂ ಇಲ್ಲದ ತಗಡನ್ನು. ಗಾಡಿ ಮಗುಚಿದರೆ ಮೊದಲು ಹೊರಗೆ ಎಸೆಯಲ್ಪಡುವವರು ಅಲ್ಲಿ ಕೂತವರೇ. ಆರ್‌ಸಿಯಲ್ಲಿ ಬರೆದಿರುವ ಸೀಟುಗಳು ಕ್ಯಾಬಿನ್ ಒಳಗಿನವು ಮಾತ್ರ. ಹಿಂದೆ ಕೂತವರಿಗೆ ಪೆಟ್ಟಾದರೆ ಪರಿಹಾರಕ್ಕೂ ಅವರ ಮನೆಯವರು ಅಲೆಯಬೇಕಾದೀತು. ಬೆಳಿಗ್ಗೆ ಎಂಟಕ್ಕೆ ಬುತ್ತಿ ಹಿಡಿದು ರಸ್ತೆ ಬದಿಯಲ್ಲಿ ಕಾಯುವ ಆ ಹೆಂಗಸರು ಗಾಡಿ ನೋಡಿ ಹತ್ತುವುದಿಲ್ಲ, ನಮ್ಮನ್ನು ನಂಬಿ ಹತ್ತುತ್ತಾರೆ. ದಯವಿಟ್ಟು ಆ ಬೆಂಚು ಮಾಡಿಸಬೇಡಿ. ಮಾಡಿಸಿದ್ದರೆ ಈ ಭಾನುವಾರವೇ ಬಿಚ್ಚಿಡಿ, ನಾಲ್ಕು ನಾಲ್ಕು ಜನರಂತೆ ಎರಡು ಸಲ ಹೋಗಿ ಕರೆತನ್ನಿ.